ಅಂಕಪಟ್ಟಿಯಲ್ಲಿ ನಲವತ್ತೇಳು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ‘ಅಂಕಪಟ್ಟಿ’ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಅದು ಶಾಲೆಯಿಂದ ಬರುವ ಕಾಗದ. ಅಪ್ಪನ ಸಹಿ ಬೀಳಬೇಕಾದದ್ದು. ಅಮ್ಮನ ಕಣ್ಣಿಗೆ ಮೊದಲು ಬಿದ್ದರೆ ಸ್ವಲ್ಪ ಅನುಕೂಲವಾಗುವಂಥದ್ದು. ಆದರೆ ಪತ್ರಿಕೆಯ ಕ್ರೀಡಾಪುಟದಲ್ಲೂ ಇದೇ ಮಾತು ಉಂಟು. ಅಲ್ಲಿ ಅದು ಲೀಗ್ ತಂಡಗಳ ಪಟ್ಟಿ: ಆಡಿದ್ದೆಷ್ಟು, ಗೆದ್ದದ್ದೆಷ್ಟು, ಡ್ರಾ ಎಷ್ಟು, ಸೋತದ್ದೆಷ್ಟು, ಒಟ್ಟು ಅಂಕ ಎಷ್ಟು. ಈ ಎರಡನೆಯ ಅಂಕಪಟ್ಟಿಯನ್ನು ಓದಲು ಕಲಿತವರಿಗೆ ಮೊದಲನೆಯದು ಸ್ವಲ್ಪ ಬೇರೆಯಾಗಿ ಕಾಣತೊಡಗುತ್ತದೆ.

2014ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಈ ಪಟ್ಟಿಯ ತುದಿಯಲ್ಲಿ ಬೆಂಗಳೂರಿನ ಹೆಸರಿತ್ತು. ಪಂದ್ಯ 24, ಗೆಲುವು 14, ಡ್ರಾ 5, ಸೋಲು 5, ಅಂಕ 47. ಕೆಳಗೆ ಎರಡನೆಯ ಸಾಲಿನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್, ಅಂಕ 43. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈಯಲ್ಲಿ. ಒಂಬತ್ತು ತಿಂಗಳ ಕೂಸು ತೊಂಬತ್ತು ದಾಟಿದ ಹಿರಿಯನನ್ನು ಹಿಂದಕ್ಕೆ ಹಾಕಿತ್ತು. ಭಾರತದ ಐ–ಲೀಗ್ ಟೂರ್ನಿಗೆ ಕಾಲಿಟ್ಟ ಮೊದಲ ಋತುವಿನಲ್ಲೇ ಚಾಂಪಿಯನ್!

ಈ ಕೂಸು ಬೆಳೆದದ್ದು ಹೇಗೆ ಎನ್ನುವ ಮೊದಲು ಬೆಂಗಳೂರಿನ ನಕ್ಷೆಯನ್ನು ಒಮ್ಮೆ ನೋಡಬೇಕು. ಊರಿನ ಫುಟ್‌ಬಾಲ್ ಎಲ್ಲ ಪೂರ್ವದಲ್ಲಿ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ, ಎಲ್ಲವೂ ಹಳೆಯ ದಂಡು ಪ್ರದೇಶದ ಸೀಮೆ. ಬ್ರಿಟಿಷ್ ಸಿಪಾಯಿಗಳು ಆಡಿದ ಆಟವನ್ನು ಅಲ್ಲಿಯ ಹುಡುಗರು ನೋಡಿ ಕಲಿತರು, ಬರಿಗಾಲಲ್ಲಿ ಆಡಿದರು, ಆಮೇಲೆ ಕಲಿಸಿದವರನ್ನೇ ಸೋಲಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಾಗ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಇಲ್ಲಿಯವರೇ. ಮುಂದೆ ಅವರು ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲಿನ ಕಣ್ಮಣಿಯಾದರು.

ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಕಾಗದದ ಮೇಲೆ ಊರು ಒಂದಾಯಿತು, ಆಟ ಒಂದಾಗಲಿಲ್ಲ. ಪಶ್ಚಿಮದ ಬಡಾವಣೆಗಳಲ್ಲಿ ಮೈದಾನ ಎಂದರೆ ಕ್ರಿಕೆಟ್ ಎಂದೇ ಲೆಕ್ಕ. ಭಾನುವಾರ ಬೆಳಿಗ್ಗೆ ಒಂದೇ ಬಯಲಿನಲ್ಲಿ ಆರೇಳು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಯಾರ ಚೆಂಡನ್ನು ಯಾರು ಹಿಡಿದರು ಎಂಬುದು ಕೂಗಿನಿಂದ ಮಾತ್ರ ಗೊತ್ತಾಗಬೇಕು. ಫುಟ್‌ಬಾಲ್ ಹಿಡಿದು ಬಂದ ನಾಲ್ವರು ಮೂಲೆ ಹುಡುಕಬೇಕು.

ಹೀಗಾಗಿ 2013ರ ಸೆಪ್ಟೆಂಬರ್ 22ರ ಭಾನುವಾರ, ಹೊಸ ತಂಡದ ಮೊದಲ ಲೀಗ್ ಪಂದ್ಯ ನೋಡಬೇಕೆಂದರೆ ವಿಜಯನಗರದವರು ಊರನ್ನೇ ದಾಟಬೇಕಿತ್ತು. ಮೆಟ್ರೊ ರೈಲು ಆಗಿನ್ನೂ ಆ ಕಡೆಯಲ್ಲಿ ಮಾತ್ರ ಓಡುತ್ತಿತ್ತು. ಮಾಗಡಿ ರಸ್ತೆಯಿಂದ ಕಬ್ಬನ್ ಪಾರ್ಕಿಗೆ ನೆಲದೊಳಗಿನ ದಾರಿ ತೆರೆದದ್ದು 2016ರ ಏಪ್ರಿಲ್‌ನಲ್ಲಿ. ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಡಿಗೆ. ಹಾಗೆ ಹೋದವರಿಗೆ ಸಿಕ್ಕಿದ್ದು ಡ್ರಾ. 1889ರಲ್ಲಿ ಹುಟ್ಟಿದ ಮೋಹನ್ ಬಾಗನ್ ವಿರುದ್ಧ 1–1. ಆಸ್ಟ್ರೇಲಿಯದಿಂದ ಬಂದ ಶಾನ್ ರೂನಿ ಹೊಡೆದದ್ದು ಕ್ಲಬ್ಬಿನ ಮೊದಲ ಗೋಲು.

ಅಂದಿನ ಅಂಕ ಒಂದು. ಇದೊಂದು ಅಂಕಕ್ಕೆ ಇಡೀ ಋತುವಿನಲ್ಲಿ ಎಷ್ಟು ಬೆಲೆ ಎಂಬುದು ಏಪ್ರಿಲ್‌ನಲ್ಲಿ ಮಾತ್ರ ಗೊತ್ತಾಗುವಂಥದ್ದು. ಗೆದ್ದರೆ 3, ಡ್ರಾ ಆದರೆ 1, ಸೋತರೆ ಸೊನ್ನೆ. 14 ಗೆಲುವಿಗೆ 42, ಐದು ಡ್ರಾಗೆ 5. ಲೆಕ್ಕ ನಾಲ್ಕನೇ ಕ್ಲಾಸಿನ ಹುಡುಗಿಗೂ ಬರುತ್ತದೆ. ಆದರೆ ಅದರೊಳಗಿನ ನ್ಯಾಯ ಸ್ವಲ್ಪ ಯೋಚಿಸಬೇಕಾದದ್ದು. ಅಕ್ಟೋಬರ್ ತಿಂಗಳ ಯಾವುದೋ ಸಪ್ಪೆ ಮಧ್ಯಾಹ್ನ, ಗ್ಯಾಲರಿ ಅರ್ಧ ಖಾಲಿಯಿದ್ದಾಗ ಗಳಿಸಿದ ಮೂರು ಅಂಕಕ್ಕೂ, ಏಪ್ರಿಲ್‌ನಲ್ಲಿ ಟಿ.ವಿ. ಕ್ಯಾಮೆರಾಗಳ ಎದುರು ಗಳಿಸಿದ ಮೂರು ಅಂಕಕ್ಕೂ ಬೆಲೆ ಒಂದೇ. ಲೀಗ್ ಎಂಬುದು ಯಾವ ದಿನವನ್ನೂ ಬಿಡುವುದಿಲ್ಲ, ಯಾವ ದಿನಕ್ಕೂ ಹೆಚ್ಚು ಮರ್ಯಾದೆ ಕೊಡುವುದಿಲ್ಲ.

ಆ ವರ್ಷ ಲೀಗ್‌ನಲ್ಲಿದ್ದದ್ದು 13 ತಂಡ. ಪ್ರತಿಯೊಂದರ ಮೇಲೂ ಊರಲ್ಲೊಂದು, ಹೊರಗೊಂದು ಪಂದ್ಯ. ಹೊರಗಿನ 12 ಪಂದ್ಯಗಳ ದಾರಿಯನ್ನು ಭೂಗೋಳದ ಪುಸ್ತಕ ತೆರೆದು ಗುರುತು ಹಾಕಬಹುದು: ಗೋವಾಕ್ಕೆ ನಾಲ್ಕು, ಬಂಗಾಳಕ್ಕೆ ನಾಲ್ಕು, ಶಿಲ್ಲಾಂಗ್‌ಗೆ ಎರಡು, ಪುಣೆ, ಮುಂಬೈ ತಂಡಗಳ ಎದುರು ಒಂದೊಂದು. ಸೆಕೆಯಲ್ಲಿ ಬೆವರಿ ಬಂದವರು ಮೇಘಾಲಯದ ಚಳಿಯಲ್ಲಿ ಆಡಬೇಕು. ಹುಲ್ಲು ಒಂದು ಕಡೆ, ಕೃತಕ ಹಾಸು ಇನ್ನೊಂದು ಕಡೆ. ಅಶೋಕನಗರದ್ದೇ ಕೃತಕ ಹಾಸು. ಬಿದ್ದರೆ ಮೊಣಕಾಲು ತರಚುವಂಥದ್ದು.

ತಂಡದಲ್ಲಿ ಒಬ್ಬ ತಾರೆಯಂತೂ ಇದ್ದರು. ನಾಯಕ ಸುನಿಲ್ ಛೆಟ್ರಿ, ಆಗಲೇ ದೇಶದ ತಂಡದ ನಾಯಕ. ಆ ಋತುವಿನ ಲೀಗ್‌ನಲ್ಲಿ ಅವರು ಹೊಡೆದದ್ದು 14 ಗೋಲು. ಉಳಿದವರಲ್ಲಿ ಬಹಳ ಮಂದಿ ಬೇರೆ ಬೇರೆ ಕ್ಲಬ್ಬುಗಳಲ್ಲಿ ಬೆಂಚು ಕಾದು ಬಂದವರು, ಇಲ್ಲವೇ ಹೆಸರು ಮಾಡಬೇಕಾಗಿದ್ದ ಹುಡುಗರು. ರಕ್ಷಣೆಗೆ ಇಂಗ್ಲೆಂಡಿನಿಂದ ಬಂದ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ತರಬೇತುದಾರ ಆಶ್ಲೆ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದ ಆಟಗಾರ. ಈತ ಆಟಗಾರರ ತಟ್ಟೆಯ ಮೇಲೂ ಕಣ್ಣಿಟ್ಟಿದ್ದರು, ನಿದ್ದೆಯ ಮೇಲೂ. ಅಭ್ಯಾಸದಲ್ಲಿ ಯಾರು ಎಷ್ಟು ಓಡಿದರು ಎಂಬುದನ್ನು ಯಂತ್ರ ಕಟ್ಟಿ ಅಳೆಯುತ್ತಿದ್ದರು. ಕೊನೆಯ ಹದಿನೈದು ನಿಮಿಷ ಎದುರಾಳಿಗಳ ಕಾಲು ಸೋತಾಗ ತನ್ನ ಹುಡುಗರು ಓಡುತ್ತಿರಬೇಕು ಎಂಬುದು ಆತನ ಹಟ. ದಿನವೂ ಸ್ವಲ್ಪ ಓದು ಎಂದು ಮನೆಯಲ್ಲಿ ಹೇಳಿಸಿಕೊಳ್ಳುವ ಮಕ್ಕಳಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ವ್ಯತ್ಯಾಸವೆಂದರೆ, ವೆಸ್ಟ್‌ವುಡ್ ಹೇಳಿ ಬಿಡುತ್ತಿರಲಿಲ್ಲ, ಜೊತೆಗೆ ನಿಂತು ಅಳೆಯುತ್ತಿದ್ದರು.

ಅದೇ ಋತುವಿನ ನಡುವೆ, 2014ರ ಜನವರಿಯಲ್ಲಿ, ಕೇರಳದಲ್ಲಿ ಫೆಡರೇಷನ್ ಕಪ್ ನಡೆಯಿತು. ಅದು ಬೇಗ ಮುಗಿಯುವ ಟೂರ್ನಿ. ಅಲ್ಲಿ ಬೆಂಗಳೂರು ಗುಂಪಿನ ಹಂತವನ್ನೇ ದಾಟಲಿಲ್ಲ. ಇದನ್ನು ಗಮನಿಸಬೇಕು. ಅದೇ ಆಟಗಾರರು, ಅದೇ ತರಬೇತುದಾರ, ಅದೇ ವರ್ಷ. ಕೆಲವೇ ದಿನಗಳ ಪರೀಕ್ಷೆಯಲ್ಲಿ ನಪಾಸು. ಏಳು ತಿಂಗಳ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕು. ಹಾಗಾದರೆ ತಂಡ ನಿಜಕ್ಕೂ ಎಂಥದ್ದು?

ಏಪ್ರಿಲ್ 21, ಸೋಮವಾರ. ಮಡಗಾಂವಿನ ಫಟೋರ್ಡಾ ಕ್ರೀಡಾಂಗಣ. ಎದುರಿಗೆ ಡೆಂಪೊ, ಅದುವರೆಗೆ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡ. ಬೆಂಗಳೂರು 4–2ರಿಂದ ಗೆದ್ದಿತು. ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಲೀಗ್ ಕೈಸೇರಿತು. ಬೆಂಗಳೂರಿನಿಂದ ಅಷ್ಟು ದೂರ ಹೋಗಿ ಕೂಗಿದ ಅಭಿಮಾನಿಗಳೂ ಇದ್ದರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಅವರ ಬಳಗದ ಹೆಸರು. ರಾಜಾಜಿನಗರದವರು ಹಿಗ್ಗಬೇಕಾಗಿಲ್ಲ, ಇಲ್ಲಿ ವೆಸ್ಟ್ ಎಂದರೆ ಅಶೋಕನಗರದ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿ. ಆದರೂ ಆ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ನಿಂತವರಲ್ಲಿ ಪಶ್ಚಿಮದ ಬಡಾವಣೆಗಳಿಂದ ಎರಡು ಬಸ್ಸು ಹಿಡಿದು ಬಂದವರೂ ಸೇರಿದ್ದರು.

ಮರುವರ್ಷದ ಕತೆ ಬೇರೆ. 2015ರ ಜನವರಿಯಲ್ಲಿ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡವನ್ನು 2–1ರಿಂದ ಸೋಲಿಸಿ, ಹಿಂದಿನ ವರ್ಷ ನಪಾಸಾಗಿದ್ದ ವಿಷಯದಲ್ಲಿ ಬೆಂಗಳೂರು ಪಾಸಾಯಿತು. ಲೀಗ್ ಮಾತ್ರ ಕೊನೆಯ ದಿನದವರೆಗೂ ಎಳೆಯಿತು. ಮೇ 31, ಭಾನುವಾರ, ಶ್ರೀ ಕಂಠೀರವ ಕ್ರೀಡಾಂಗಣ, ಮಳೆ. ಎದುರಿಗೆ ಮತ್ತೆ ಮೋಹನ್ ಬಾಗನ್. ಬಾಗನ್‌ಗೆ ಡ್ರಾ ಸಾಕು, ಬೆಂಗಳೂರು ಗೆಲ್ಲಲೇಬೇಕು. 41ನೇ ನಿಮಿಷದಲ್ಲಿ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಬೆಂಗಳೂರೇ ಚಾಂಪಿಯನ್. ಆಗ ಬಾಗನ್‌ನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಕಳಿಸಿದರು. 1–1.

ಬಾಗನ್ 39, ಬೆಂಗಳೂರು 37. ಆ ಸಂಜೆ ಕಂಠೀರವದಿಂದ ಹೊರಬಂದವರೆಲ್ಲ ಮೂರು ನಿಮಿಷದಲ್ಲಿ ಲೀಗ್ ಕೈಬಿಟ್ಟಿತು ಎಂದರು. ಪಟ್ಟಿ ಹಾಗೆ ಹೇಳುವುದಿಲ್ಲ. ಕೊನೆಯ ದಿನಕ್ಕೆ ಬರುವಾಗಲೇ ಬಾಗನ್ ಎರಡು ಅಂಕ ಮುಂದಿತ್ತು. ಆ ಎರಡು ಅಂಕ ಹೋದದ್ದು ಹಿಂದೆ ಎಲ್ಲೋ, ಯಾರಿಗೂ ನೆನಪಿಲ್ಲದ ಒಂದು ಮಧ್ಯಾಹ್ನ. 87ನೇ ನಿಮಿಷ ಎಲ್ಲರಿಗೂ ನೆನಪಿದೆ ಅಷ್ಟೇ. ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟ ಹುಡುಗ ‘ಕೊನೇ ಪ್ರಶ್ನೆಗೆ ಟೈಮ್ ಸಾಲಲಿಲ್ಲ’ ಎನ್ನುವುದೂ ಹೀಗೆಯೇ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆಗಸ್ಟ್ ತಿಂಗಳು ಅವನಿಗೆ ಮರೆತಿದೆ.

2016ರ ಏಪ್ರಿಲ್‌ನಲ್ಲಿ ಬೆಂಗಳೂರು ಎರಡನೆಯ ಸಲ ಐ–ಲೀಗ್ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿ, ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0–1ರಿಂದ ಸೋತಿತು. ಇವೆಲ್ಲ ಅಭಿಮಾನಿಗಳ ಬಾಯಿಪಾಠ, ಇಲ್ಲಿ ಬೆಳೆಸಬೇಕಾಗಿಲ್ಲ. ಮಾತಿಗೆ ಬೇಕಾದದ್ದು ಅದರ ನಂತರದ್ದು.

2017ರಲ್ಲಿ ಕ್ಲಬ್ ಐ–ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ ಸೇರಿತು. ಆಗ ಅಲ್ಲಿಯ ನಿಯಮ ಬೇರೆ ಇತ್ತು. ಪಟ್ಟಿಯಲ್ಲಿ ಮೇಲಿದ್ದರೆ ಮುಗಿಯಲಿಲ್ಲ. ಮೊದಲ ನಾಲ್ಕು ತಂಡ ಸೆಮಿಫೈನಲ್, ಆಮೇಲೆ ಫೈನಲ್. ಕಪ್ ಫೈನಲ್ ಗೆದ್ದವರಿಗೆ. 2017–18ರಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿತ್ತು. ಎರಡನೆಯದಾದ ಚೆನ್ನೈಯಿನ್ 32. ಎಂಟು ಅಂಕಗಳ ಅಂತರ! ಸೆಮಿಫೈನಲ್‌ನಲ್ಲಿ ಪುಣೆಯ ವಿರುದ್ಧ ಛೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಫೈನಲ್ ಕೂಡ ನಮ್ಮೂರಲ್ಲೇ, ಕಂಠೀರವದಲ್ಲೇ. ಮಾರ್ಚ್ 17, ಶನಿವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವಾರವೂ ಉಳಿದಿರದಿದ್ದ ಸಮಯ. ಅಪ್ಪನನ್ನು ಒಪ್ಪಿಸಿ ಹೋಗಲು ಎಷ್ಟು ಮನೆಗಳಲ್ಲಿ ಎಷ್ಟು ಮಾತುಕತೆ ನಡೆದಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು. ಆಗ ಮೆಟ್ರೊ ಇತ್ತು. ವಿಜಯನಗರದಲ್ಲಿ ಹತ್ತಿದರೆ ಕಬ್ಬನ್ ಪಾರ್ಕ್.

ಒಂಬತ್ತನೇ ನಿಮಿಷದಲ್ಲಿ ಛೆಟ್ರಿ ಗೋಲು. ಊರೆಲ್ಲ ಎದ್ದು ನಿಂತಿತು. ಆಮೇಲೆ ಚೆನ್ನೈಯಿನ್‌ನ ಬ್ರೆಜಿಲ್ ಆಟಗಾರ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಿಂದ ಗೋಲು ಹೊಡೆದರು, ರಫೇಲ್ ಅಗಸ್ಟೊ ಇನ್ನೊಂದು. ಹೆಚ್ಚುವರಿ ಸಮಯದಲ್ಲಿ ಮಿಕು ಹೊಡೆದ ಗೋಲು ಅಂತರವನ್ನು ತಗ್ಗಿಸಿತೇ ಹೊರತು ಬೇರೇನನ್ನೂ ಮಾಡಲಿಲ್ಲ. 2–3. ನಾಲ್ಕು ತಿಂಗಳ ಎಂಟು ಅಂಕ ಒಂದು ಸಂಜೆಯ ಒಂದು ಗೋಲಿಗೆ ಸಮನಾಗಿ ಹೋಯಿತು.

ಇದು ನ್ಯಾಯವೇ? ಅಂದಿನಿಂದ ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಹಾಗೆ ನೋಡಿದರೆ ಇದು ಬೆಂಗಳೂರಿನ ಪ್ರಶ್ನೆ ಮಾತ್ರವೂ ಅಲ್ಲ. ಭೂಮಿಯ ಆ ಬದಿಗೆ, ಮಧ್ಯ ಅಮೆರಿಕದ ಕೋಸ್ಟರಿಕಾ ಎಂಬ ಪುಟ್ಟ ದೇಶವಿದೆ. ಕರ್ನಾಟಕದ ನಾಲ್ಕನೇ ಒಂದು ಭಾಗದಷ್ಟು ದೊಡ್ಡದು. ಆದರೂ 2014ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದ ದೇಶ. ಅಲ್ಲಿ ಸಪ್ರಿಸಾ, ಅಲಹುವೆಲೆನ್ಸೆ ಎಂಬ ಎರಡು ಹಳೆಯ ಕ್ಲಬ್ಬುಗಳ ಹಗೆತನ ಕೋಲ್ಕತ್ತದ ಬಾಗನ್–ಈಸ್ಟ್ ಬೆಂಗಾಲ್ ಹಗೆತನದಂಥದ್ದೇ. ಅಲ್ಲಿ ಒಂದು ವರ್ಷವನ್ನು ಎರಡು ಟೂರ್ನಿಯಾಗಿ ಸೀಳಿದ್ದಾರೆ. ಮೊದಲನೆಯದು ‘ಅಪೆರ್ತೂರಾ’, ಎರಡನೆಯದು ‘ಕ್ಲಾಉಸೂರಾ’. ತೆರೆಯುವುದು, ಮುಚ್ಚುವುದು ಎಂದು ಅರ್ಥ. ವರ್ಷಕ್ಕೆ ಇಬ್ಬರು ಚಾಂಪಿಯನ್ನರು. ನಮ್ಮ ಕಾಲೇಜುಗಳ ಸೆಮಿಸ್ಟರ್ ಪದ್ಧತಿ ಎನ್ನೋಣ.

ಪ್ರತಿ ಟೂರ್ನಿಯಲ್ಲೂ ಮೊದಲು ಅಂಕಪಟ್ಟಿ, ಆಮೇಲೆ ಮೊದಲ ನಾಲ್ವರ ನಡುವೆ ಹಣಾಹಣಿ. ಪಟ್ಟಿಯಲ್ಲಿ ಮೊದಲಿದ್ದ ತಂಡ ಹಣಾಹಣಿಯಲ್ಲಿ ಸೋತರೆ? ಅದಕ್ಕೂ ಅವರು ಒಂದು ಉಪಾಯ ಕಂಡುಕೊಂಡರು. ಇತ್ತೀಚಿನ ಹಲವು ಋತುಗಳಲ್ಲಿ, ಸೋತ ಮೊದಲಿಗನನ್ನೂ ಗೆದ್ದು ಬಂದವನನ್ನೂ ಮತ್ತೆ ಎದುರುಬದುರು ನಿಲ್ಲಿಸಿ ‘ಮಹಾಫೈನಲ್’ ಆಡಿಸಿದ್ದಾರೆ. ಎರಡರಲ್ಲೂ ಒಬ್ಬನೇ ಮೊದಲಿಗನಾದರೆ ಮಹಾಫೈನಲ್ ಇಲ್ಲ, ಅವನೇ ಚಾಂಪಿಯನ್. ಅಂದರೆ, ವರ್ಷವಿಡೀ ಚೆನ್ನಾಗಿ ಓದಿದವನಿಗೆ ಒಂದು ದಿನ ಕೈಕೊಟ್ಟರೆ ಇನ್ನೊಂದು ದಿನ ಕೊಡಬೇಕು ಎಂಬ ವಾದ. 2018ರ ಮಾರ್ಚ್‌ನಲ್ಲಿ ಕೋಸ್ಟರಿಕಾದ ನಿಯಮ ಇಲ್ಲಿದ್ದಿದ್ದರೆ ಬೆಂಗಳೂರಿಗೆ ಚೆನ್ನೈಯಿನ್ ಜೊತೆ ಇನ್ನೊಮ್ಮೆ ಆಡುವ ಹಕ್ಕಿರುತ್ತಿತ್ತು.

ಕರ್ನಾಟಕದ ಮಕ್ಕಳಿಗೆ ಈ ವಾದ ಈಗ ಚೆನ್ನಾಗಿ ಅರ್ಥವಾಗುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಮೂರು ಪರೀಕ್ಷೆ ನಡೆದವು; ಹೆಚ್ಚು ಬಂದ ಅಂಕವನ್ನು ಇಟ್ಟುಕೊಳ್ಳಬಹುದಿತ್ತು. ‘ಸಪ್ಲಿಮೆಂಟರಿ’ ಎಂಬ ಹಳೆಯ ಮಾತಿನಲ್ಲಿದ್ದ ಕಳಂಕ ಹೋಯಿತು. ಇದರಿಂದ ಓದು ಸಡಿಲವಾಗುತ್ತದೆ ಎಂದು ಗೊಣಗುವ ಹಿರಿಯರೂ ಇದ್ದಾರೆ. ಕೋಸ್ಟರಿಕಾದಲ್ಲೂ ಮಹಾಫೈನಲ್ ಬಗ್ಗೆ ಗೊಣಗುವವರಿಗೆ ಕೊರತೆಯಿಲ್ಲ. ಒಂದು ಮಾತಂತೂ ನಿಜ: ಒಂದೇ ಸಂಜೆಗೆ ಎಲ್ಲವನ್ನೂ ಕಟ್ಟಿಹಾಕುವುದು ನೋಡುವವರಿಗೆ ಚೆನ್ನ, ಆಡುವವರಿಗಲ್ಲ. ಫೈನಲ್‌ಗೆ ಟಿಕೆಟ್ ಸಿಗುವುದಿಲ್ಲ; ಅಕ್ಟೋಬರ್ ಪಂದ್ಯಕ್ಕೆ ಕರೆದು ಕೊಟ್ಟರೂ ಜನ ಬರುವುದಿಲ್ಲ. ಪಾಲಕರೂ ಹಾಗೆಯೇ, ಫಲಿತಾಂಶದ ದಿನ ಕಂಪ್ಯೂಟರ್ ಎದುರು ಕೂರುವಷ್ಟು ಮಂದಿ ಆಗಸ್ಟ್‌ನ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿರುವಿ ನೋಡುವುದಿಲ್ಲ.

ಇನ್ನೊಂದು ವಿಷಯವನ್ನು ಮರೆಮಾಚಬಾರದು. 47 ಅಂಕ ಗಳಿಸಿದ ಆ ತಂಡದಲ್ಲಿ ಬೆಂಗಳೂರಿನ ಹುಡುಗರು ಎಷ್ಟು ಮಂದಿ? ಶಂಕರ್ ಸಂಪಂಗಿರಾಜ್ ಇದ್ದರು. ಅವರನ್ನು ಬಿಟ್ಟರೆ ಬೆರಳು ಮಡಿಸುವ ಕೆಲಸ ಹೆಚ್ಚಿಲ್ಲ. ಮಣಿಪುರ, ಮಿಜೋರಂ, ಕೇರಳ, ಪಂಜಾಬ್ ಹುಡುಗರೇ ಹೆಚ್ಚು. ಊರಿನ ಹೆಸರು ಹೊತ್ತ ತಂಡದಲ್ಲಿ ಊರಿನವರು ಕಡಿಮೆ ಎಂದು ಕೊರಗುವುದು ಸುಲಭ. ಆದರೆ ಕಾರಣ ಮನೆಯಲ್ಲೂ ಇದೆ. ಒಂದು ಕಾಲದಲ್ಲಿ ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳು ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಕೊಡುತ್ತಿದ್ದವು. ಆಟ ನಿಂತ ಮೇಲೂ ಸಂಬಳ, ಕ್ವಾರ್ಟರ್ಸ್, ನಿವೃತ್ತಿ. ಆಗ ಮಗ ಮೈದಾನಕ್ಕೆ ಹೋದರೆ ಅಪ್ಪ ಸುಮ್ಮನಿರಲು ಒಂದು ಕಾರಣವಿತ್ತು. ಎಚ್‌ಎಎಲ್ ತಂಡ 2011–12ರಲ್ಲಿ ಐ–ಲೀಗ್‌ನಿಂದ ಕೆಳಕ್ಕಿಳಿಯಿತು. ಅದರ ಜಾಗಕ್ಕೆ ಬಂದ ವೃತ್ತಿಪರ ಕ್ಲಬ್ ಕೊಡುವುದು ಒಪ್ಪಂದ, ಕೆಲಸವಲ್ಲ. ಮೊಣಕಾಲಿನ ಒಂದು ಗಾಯಕ್ಕೆ ಮುಗಿಯಬಹುದಾದ ಬದುಕಿಗೆ ಮಗನನ್ನು ಕಳಿಸಲು ಬಸವೇಶ್ವರನಗರದ ಬ್ಯಾಂಕ್ ಗುಮಾಸ್ತ ಹಿಂದೆ ಮುಂದೆ ನೋಡಿದರೆ ಅವನನ್ನು ದೂರುವಂತಿಲ್ಲ.

ಹುಡುಗರಿಗೆ ದಾರಿ ಮಾಡುವ ಕೆಲಸವೂ ನಡೆಯದೆ ಇಲ್ಲ. ಕ್ಲಬ್ಬಿನ ಒಡೆಯರಾದ ಜೆಎಸ್‌ಡಬ್ಲ್ಯು ಸಂಸ್ಥೆ ವಿಜಯನಗರದಲ್ಲಿ ಕ್ರೀಡಾ ತರಬೇತಿ ಕೇಂದ್ರ ಕಟ್ಟಿತು. ಇದು ಬಳ್ಳಾರಿ ಸೀಮೆಯ, ಉಕ್ಕಿನ ಕಾರ್ಖಾನೆಯ ವಿಜಯನಗರ. ಮಾಗಡಿ ರಸ್ತೆ ಪಕ್ಕದ್ದಲ್ಲ. ಇನ್ನೊಂದು ಕಡೆ, 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಮೈಸೂರು ಎಂದು ಹೆಸರಿದ್ದಾಗ.

ಅಂದಹಾಗೆ, 2018ರ ಪ್ರಶ್ನೆಗೆ ಲೀಗ್ ನಡೆಸುವವರು ಅರ್ಧ ಉತ್ತರ ಕೊಟ್ಟರು. 2019ರ ಮಾರ್ಚ್‌ನಲ್ಲಿ ಬೆಂಗಳೂರು ಪಟ್ಟಿಯಲ್ಲೂ ಮೊದಲಿಗನಾಗಿ, ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಕಪ್ ಗೆದ್ದಿತು. ಅದರ ಮರು ಋತುವಿನಿಂದ ಅಂಕಪಟ್ಟಿಯಲ್ಲಿ ಮೊದಲು ಬಂದ ತಂಡಕ್ಕೂ ಪ್ರತ್ಯೇಕವಾಗಿ ಒಂದು ಫಲಕ ಕೊಡುವ ಪದ್ಧತಿ ಬಂತು. ಮೊದಲ ಫಲಕ ಗೋವಾ ಪಾಲಾಯಿತು. 40 ಅಂಕ ಗಳಿಸಿದ ಬೆಂಗಳೂರಿಗೆ ಅದು ಎರಡು ವರ್ಷ ತಡ.

2018ರ ಆ ಶನಿವಾರ ರಾತ್ರಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ನೀಲಿ ಅಂಗಿಯವರ ಸಾಲು ಮೆಟ್ಟಿಲಿನ ಮೇಲಿನವರೆಗೂ ಇತ್ತು. ಮೈಸೂರು ರಸ್ತೆ ಕಡೆಯ ರೈಲು ಬಂತು. ಕೆಂಗೇರಿಯವರೆಗೆ ಹಳಿ ಇನ್ನೂ ಹೋಗಿರಲಿಲ್ಲ; ಅದಕ್ಕೆ 2021ರ ಆಗಸ್ಟ್ ಬರಬೇಕಾಯಿತು. ಕೆಂಗೇರಿಯವರು ಮೈಸೂರು ರಸ್ತೆಯಲ್ಲಿ ಇಳಿದು ಬಸ್ಸು ಕಾಯಬೇಕಿತ್ತು. ಮುಂದಿನ ವಾರ ಪರೀಕ್ಷೆ.